ಹತ್ತು ಹಾಡಿನ ಡಿಸೆಂಬರುಗಳು

ಹೋದ ತಿಂಗಳು ಹುಬ್ಬಳ್ಳಿಯಿಂದ ಒಬ್ಬ ಹುಡುಗಿ ನಮ್ಮ ಮನೆಗೆ ಬಂದಿದ್ದಳು. ಮೊಬೈಲಿನಲ್ಲಿ ಓದುವ ಯಾವುದೋ ಪತ್ರಿಕೆಗೆ ಹಾಡುಗಳ ವಿಮರ್ಶೆ ಬರೆಯುವ ಕೆಲಸಕ್ಕೆ ಹೊಸದಾಗಿ ಸೇರಿದ್ದಾಳೆ. ವರ್ಷದ ಕೊನೆಗೆ ಪಾಪ್ ಮತ್ತು ಹಿಪ್‌ಹಾಪ್ ಹಾಡುಗಳಲ್ಲಿ ಒಳ್ಳೆಯ ಹತ್ತನ್ನು ಆರಿಸಿ ಕೊಡಬೇಕಂತೆ. ಚಹಾದ ಕಪ್ಪು ಕೆಳಗಿಟ್ಟು ಕೇಳಿದಳು: "ಅಜ್ಜಿ, ನೀವು ರೋಣದಾಗ ಕುಂತು ಇಂಥಾ ಹಾಡಿಗೆ ನಂಬರ್ ಕೊಡ್ತಿದ್ರಂತ. ಖರೇ ಏನ್ರಿ?"

"ಖರೇನವಾ" ಎಂದೆ. ಎಂಟು ವರ್ಷ ಆ ಕೆಲಸ ಮಾಡಿದ್ದೇನೆ. ಅವಳಿಗೆ ಬಸ್ಸಿನ ಹೊತ್ತಾಗಿತ್ತು, ಹೇಳಬೇಕಾದ್ದರಲ್ಲಿ ಅರ್ಧವೂ ಹೇಳಲಾಗಲಿಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕರಡು ತಿದ್ದುವವಳಾಗಿದ್ದ ನಾನು ಉಪಸಂಪಾದಕಿ ಯಾವಾಗ ಆದೆ ಎಂಬುದರಲ್ಲಿ ಯಾರಿಗೂ ಆಸಕ್ತಿ ಇರಲಾರದು, ನನಗೂ ಇಲ್ಲ. ಹಾಡು ಕೇಳುತ್ತ ಕಳೆದ ಆ ಮಧ್ಯಾಹ್ನಗಳು ಮಾತ್ರ ಈಗಲೂ ಕಣ್ಣು ಮುಚ್ಚಿದರೆ ತಾವಾಗಿ ಬರುತ್ತವೆ. ಬಿಳಿಜೋಳದ ಹೊಲಗಳ ನಡುವೆ ಬಸ್ಸು ಹೋಗುತ್ತಿರುತ್ತದೆ, ನನ್ನ ತಲೆಯೊಳಗೆ ತಿಳಿಯದ ಭಾಷೆಯ ಒಂದು ಹಾಡು ಸುತ್ತುತ್ತಿರುತ್ತದೆ, ನಾನು ಎಚ್ಚರವಾಗಿದ್ದೇನೋ ತೂಕಡಿಸುತ್ತಿದ್ದೇನೋ ನನಗೇ ಗೊತ್ತಿರುವುದಿಲ್ಲ.

ನಮ್ಮದು ರೋಣದಿಂದ ಹೊರಡುತ್ತಿದ್ದ ಎಂಟು ಪುಟದ ವಾರಪತ್ರಿಕೆ. ಸಂಪಾದಕರು ಅಂದಾನಪ್ಪನವರು, ಅರವತ್ತರ ಆಸುಪಾಸಿನವರು. ಒಂದು ಕಿವಿ ಪೂರ್ತಿ ಕೇಳಿಸುತ್ತಿರಲಿಲ್ಲ, ಇನ್ನೊಂದು ಅವರಿಗೆ ಮನಸ್ಸಿದ್ದಾಗ ಕೇಳಿಸುತ್ತಿತ್ತು. ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ಒಂದು ಡಿಸೆಂಬರ್, ವರ್ಷದ ಕೊನೆಯ ಸಂಚಿಕೆಗೆ ಪ್ರವಾಸದ ಲೇಖನ ಕೊಡಬೇಕಿದ್ದವರು ಜ್ವರ ಬಂದು ಮಲಗಿಬಿಟ್ಟರು. ನಡುವಿನ ಪುಟ ಖಾಲಿ ಉಳಿಯಿತು.

ಅಂದಾನಪ್ಪನವರು ನನ್ನನ್ನು ಕರೆದರು. "ಗಿರಿಜಾ, ಈ ವರ್ಷ ಮಂದಿ ಕೇಳಿದ ಹತ್ತು ಹಾಡಿನ ಮ್ಯಾಲೆ ಬರಿ. ಸಿನಿಮಾದ್ದು ಬ್ಯಾಡ, ಅದು ಎಲ್ಲಾ ಕಡೆ ಬರ್ತೈತಿ. ಈ ಪಾಪ್ ಅಂತಾರಲ್ಲ, ಮತ್ತ ಮಾತಾಡಿದಂಗ ಹಾಡತಾರಲ್ಲ, ಅಂಥವು."

"ಸರ್, ನಾ ಅಂಥವು ಒಂದೂ ಕೇಳಿಲ್ರಿ."

"ಚಲೋ ಆತು. ಹಂಗಾದ್ರ ಹೊಸದಾಗಿ ಕೇಳ್ತಿ."

ನನಗಾಗ ನಲವತ್ತೈದು ದಾಟಿತ್ತು. ಮನೆಯಲ್ಲಿ ರೇಡಿಯೋದಲ್ಲಿ ಭಾವಗೀತೆ, ವಚನ ಬಿಟ್ಟರೆ ಬೇರೆ ಕೇಳಿದವಳಲ್ಲ. ನಮ್ಮ ಯಜಮಾನರು ಸಾಲಿ ಮಾಸ್ತರರು. ವಿಷಯ ಕೇಳಿ ಬಿದ್ದು ಬಿದ್ದು ನಕ್ಕರು. ಮರುದಿನ ಬೆಳಿಗ್ಗೆ ಗಜೇಂದ್ರಗಡದ ಬಸ್ಸು ಹತ್ತಿದೆ. ಅಲ್ಲಿ ಬಸ್ ನಿಲ್ದಾಣದ ಹತ್ತಿರ ರಫೀಕ್ ಭಾಯಿಯ ಕ್ಯಾಸೆಟ್ ಅಂಗಡಿ ಇತ್ತು. ಸುತ್ತಲಿನ ತಾಲೂಕುಗಳಲ್ಲೆಲ್ಲ ಹೊಸ ಹಾಡು ಮೊದಲು ಬರುವುದು ಅಲ್ಲಿಗೇ ಎಂದು ಕೇಳಿದ್ದೆ.

ಅಂಗಡಿ ಇಬ್ಬರು ಒಟ್ಟಿಗೆ ನಿಲ್ಲಲಾರದಷ್ಟು ಇಕ್ಕಟ್ಟು. ನೆಲದಿಂದ ಮಾಳಿಗೆಯವರೆಗೆ ಕ್ಯಾಸೆಟ್ಟು. ರಫೀಕ್ ಭಾಯಿಯ ತಂದೆ ಅದೇ ಜಾಗದಲ್ಲಿ ಬಳೆ ಮಾರುತ್ತಿದ್ದರಂತೆ. ನಾನು ಬಂದ ಕಾರಣ ಹೇಳಿದಾಗ ಅವರು ನಗಲಿಲ್ಲ. ತಾವು ಕುಳಿತಿದ್ದ ಸ್ಟೂಲು ಬಿಟ್ಟುಕೊಟ್ಟರು.

"ಕುಂದರ್ರಿ ಅಕ್ಕಾ. ಆದ್ರ ಮೊದಲ ಹಾಡ ಕೇಳಬ್ಯಾಡ್ರಿ. ಹಾಡ ಹಚ್ಚಿದಾಗ ಬಂದ ಮಂದಿ ಏನ ಮಾಡ್ತಾರ, ಅದನ್ನ ನೋಡ್ರಿ."

ಅವತ್ತು ಪೂರ್ತಿ ನೋಡಿದೆ. ನೂಲಿನ ಗಂಟು ಹೆಗಲಿಗೇರಿಸಿಕೊಂಡ ನೇಕಾರರೊಬ್ಬರು ದಾರಿಯಲ್ಲಿ ಹೋಗುತ್ತಿದ್ದವರು ನಿಂತರು. ಪಂಜಾಬಿಯಲ್ಲಿ ಯಾರೋ ಭರಭರನೆ ಮಾತಾಡುವ ಹಾಡದು. ಅವರಿಗೆ ಒಂದು ಮಾತೂ ತಿಳಿದಿರಲಾರದು. ಆದರೆ ಮಗ್ಗದ ಮುಂದೆ ಕುಳಿತವರ ಹಾಗೆ ಅವರ ಎರಡೂ ಕಾಲು ಒಂದಾದ ಮೇಲೊಂದು ನೆಲ ಒತ್ತುತ್ತಿದ್ದವು. ಹಾಡು ಮುಗಿದದ್ದೇ ಎಚ್ಚೆತ್ತವರಂತೆ ಹೊರಟುಹೋದರು. ಬೇರೊಂದು ಹಾಡಿಗೆ, ಹಿಟ್ಟಿನ ಡಬ್ಬಿ ಹಿಡಿದ ಒಬ್ಬಾಕೆ ಎದುರಿನ ಗಿರಣಿಯ ಕಟ್ಟೆಯ ಮೇಲೆ ಕುಳಿತವಳು ತನ್ನ ಸರದಿ ಬಂದದ್ದನ್ನೂ ಗಮನಿಸಲಿಲ್ಲ. ನಾನು ಎರಡನ್ನೂ ಬರೆದುಕೊಂಡೆ. ಸಂಜೆಯ ಬಸ್ಸಿನಲ್ಲಿ ಮರಳುವಾಗ ಗುಡ್ಡದ ಮೇಲಿನ ಕೋಟೆಗೋಡೆ ಕೆಂಪಾಗಿತ್ತು. ನನ್ನ ಕಾಲುಗಳೂ ಸೀಟಿನ ಕೆಳಗೆ ತಮ್ಮಷ್ಟಕ್ಕೆ ತಾವು ನೆಲ ಒತ್ತುತ್ತಿದ್ದುದು ಊರು ಬಂದಾಗಲೇ ಗೊತ್ತಾಯಿತು.

ಹೊಸಬರು ತಿಳಿದುಕೊಳ್ಳಬೇಕಾದ್ದು, ಕೇಳುವುದು ಕಷ್ಟದ ಕೆಲಸವಲ್ಲ. ಕೇಳಿದ ಮೇಲೆ ಬರೆಯುವುದು ಕಷ್ಟ. ನನ್ನ ಮೊದಲ ಲೇಖನವನ್ನು ಅಂದಾನಪ್ಪನವರು ಓದಿ, ಕೆಂಪು ಪೆನ್ನು ತೆಗೆದು, 'ಮಧುರ' ಎಂಬ ಶಬ್ದ ಎಲ್ಲೆಲ್ಲಿತ್ತೋ ಅಲ್ಲೆಲ್ಲ ಹೊಡೆದುಹಾಕಿದರು. ಆಮೇಲೆ 'ಮನಮೋಹಕ'. ಆಮೇಲೆ 'ಅದ್ಭುತ'. ನಾನು ತಿರುಗಿ ನೋಡಿದಾಗ ಲೇಖನ ಇಲಿ ತಿಂದ ಹಾಳೆಯಂತಾಗಿತ್ತು.

"ಏನ ಉಳೀತ್ರಿ ಇದರಾಗ?" ಎಂದೆ, ಸಿಟ್ಟಿನಿಂದಲೇ.

"ಆ ನೇಕಾರನ ಕಾಲು ಉಳದಾವ ನೋಡು. ಅಷ್ಟ ಸಾಕು. ಹಾಡ ಚಲೋ ಐತಿ ಅಂತ ನೀ ಹೇಳಬ್ಯಾಡ. ಹಾಡ ಬಂದಾಗ ಏನಾತು ಅಂತ ಹೇಳು. ಚಲೋ ಅನ್ನೂದು ಓದಾಂವ ಅಂತಾನ."

ಜೀವನದಲ್ಲಿ ಒಂದು ಹಾಡನ್ನೂ ಪೂರ್ತಿ ಕೇಳದ ಮನುಷ್ಯ, ಹಾಡಿನ ಬಗ್ಗೆ ಬರೆಯುವುದನ್ನು ನನಗೆ ಹೀಗೆ ಕಲಿಸಿದರು.

ಮೂರನೆಯ ವರ್ಷ ನಾನು ದೊಡ್ಡ ತಪ್ಪು ಮಾಡಿದೆ. ಆ ಸಲ ಅಂಗಡಿಯಲ್ಲಿ ಕುಳಿತು ಕೇಳಲು ಬಿಡುವಾಗಲಿಲ್ಲ. ರಫೀಕ್ ಭಾಯಿ ಒಂದು ಚೀಲ ಕ್ಯಾಸೆಟ್ಟು ಕೊಟ್ಟು ಕಳಿಸಿದರು. ಯಜಮಾನರು ಸಾಲಿಯಲ್ಲಿ ಪದ್ಯ ಕೇಳಿಸಲೆಂದು ಇಟ್ಟುಕೊಂಡಿದ್ದ ಹಳೆಯ ಟೇಪ್ ರೆಕಾರ್ಡರಿನಲ್ಲಿ ಅವನ್ನು ಹಚ್ಚಿ ಕೇಳಿದೆ. ಅದರಲ್ಲಿ ಒಂದು ಹಿಂದಿ ಪಾಪ್ ಹಾಡು ನನ್ನನ್ನು ಹಿಡಿದು ಕೂರಿಸಿಬಿಟ್ಟಿತು. ಅದಕ್ಕೆ ಮೊದಲ ಸ್ಥಾನ ಕೊಟ್ಟು ಹೀಗೆ ಬರೆದೆ: 'ಈ ಹಾಡಿಗೆ ಎಲ್ಲಿಗೂ ಹೋಗುವ ಅವಸರವಿಲ್ಲ. ಹತ್ತಿ ತುಂಬಿದ ಗಾಡಿ ಎರೆಹೊಲದ ಇಬ್ಬನಿಯೊಳಗಿಂದ ಬಂದ ಹಾಗೆ ಬರುತ್ತದೆ. ದಪ್ಪ ದನಿಯ ಈ ಗಾಯಕಿ ಅರ್ಧ ನಿದ್ದೆಯಲ್ಲಿದ್ದಾಳೆ, ಉಳಿದರ್ಧಕ್ಕೆ ನಮ್ಮನ್ನು ಕರೆಯುತ್ತಿದ್ದಾಳೆ.'

ಸಂಚಿಕೆ ಹೊರಬಂದ ಮೂರನೆಯ ದಿನ ರೋಣದ ಬಸ್ ನಿಲ್ದಾಣದ ಹೋಟೆಲಿನಲ್ಲಿ ಅದೇ ಹಾಡು ಕೇಳಿಸಿತು. ಮಾತು ಅವೇ. ಆದರೆ ಹಾಡು ಬಿಸಿ ಎಣ್ಣೆಯಲ್ಲಿ ಸಾಸಿವೆ ಹಾರಿದ ಹಾಗೆ ಹಾರುತ್ತಿತ್ತು! ಗಾಯಕಿಯದು ಹದಿನಾರರ ಹುಡುಗಿಯ ಸಣ್ಣ ದನಿ. ಕುಣಿಯಲೆಂದೇ ಮಾಡಿದ ಹಾಡದು. ಮನೆಗೆ ಬಂದು ಯಜಮಾನರಿಂದ ಟೇಪ್ ರೆಕಾರ್ಡರ್ ಬಿಚ್ಚಿಸಿದೆ. ಒಳಗಿನ ರಬ್ಬರ್ ಬೆಲ್ಟು ಮುದುಕಿಯ ಕೈಬಳೆಯಷ್ಟು ಸಡಿಲಾಗಿ ಟೇಪು ನಿಧಾನಕ್ಕೆ ತಿರುಗುತ್ತಿತ್ತು. ನಾನು ಕೇಳಿದ ಹಾಡನ್ನು ಯಾರೂ ಹಾಡಿರಲೇ ಇಲ್ಲ.

ಗಜೇಂದ್ರಗಡದಲ್ಲಿ ರಫೀಕ್ ಭಾಯಿ ನನ್ನ ಲೇಖನವನ್ನು ಗಿರಾಕಿಗಳಿಗೆ ಗಟ್ಟಿಯಾಗಿ ಓದಿ, ಆಮೇಲೆ ಹಾಡು ಹಚ್ಚಿ, ಎಲ್ಲರನ್ನೂ ನಗಿಸಿದರೆಂದು ಕೇಳಿದೆ. ಅಂದಾನಪ್ಪನವರ ಮುಂದೆ ಹೋಗಿ ನಿಂತೆ. ಅವರು ಬೈಯಲಿಲ್ಲ.

"ತಪ್ಪಾಗೇತಿ ಅಂತ ಬರಿ. ಯಾಕ ಆತು ಅನ್ನೂದನ್ನೂ ಬರಿ. ಬೆಲ್ಟ್ ಬಿಡಬ್ಯಾಡ."

ಬರೆದೆ. ಅವರು ಅದನ್ನು ಮೂಲೆಯಲ್ಲಿ ಹಾಕದೆ ಮೊದಲ ಪುಟದಲ್ಲೇ ಹಾಕಿದರು. ಎರಡು ವಾರ ನಾನು ಪೇಟೆಗೆ ಹೋಗಲಿಲ್ಲ.

ಅದಾದ ಮೇಲೆ ಒಂದು ಮಧ್ಯಾಹ್ನ ಚಿಕ್ಕನರಗುಂದದಿಂದ ಒಬ್ಬ ಹೆಂಗಸು ಕಚೇರಿಗೆ ಬಂದರು. ಐವತ್ತರ ವಯಸ್ಸು, ಹೆಸರು ಶಂಕ್ರವ್ವ. ಟಾವೆಲಿನಲ್ಲಿ ಏನನ್ನೋ ಕೂಸಿನಂತೆ ಸುತ್ತಿ ಎದೆಗವಚಿ ಹಿಡಿದಿದ್ದರು.

"ಹಾಡಿನ ಮ್ಯಾಲೆ ಬರಿಯೂ ಅಕ್ಕಾರು ಯಾರ್ರಿ?"

ನಾನೇ ಎಂದೆ. ಇನ್ನೊಂದು ಬೈಗುಳಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೆ.

"ತಪ್ಪಾತು ಅಂತ ಯಾಕ ಬರದ್ರಿ? ಏನೂ ತಪ್ಪಿಲ್ಲ. ಕೇಳ್ರಿಲ್ಲೆ." ಟಾವೆಲು ಬಿಚ್ಚಿ ಒಂದು ಸಣ್ಣ ಟೇಪ್ ರೆಕಾರ್ಡರನ್ನು ನನ್ನ ಮೇಜಿನ ಮೇಲಿಟ್ಟು ಗುಂಡಿ ಒತ್ತಿದರು.

ನನ್ನ ಹಾಡು! ಅದೇ ಗಾಡಿ, ಅದೇ ಇಬ್ಬನಿ, ಅದೇ ದಪ್ಪ ದನಿ.

"ನಮ್ಮಲ್ಲೆ ಹಗಲೊತ್ತಿನ್ಯಾಗ ಕರೆಂಟ್ ಎಲ್ಲಿರ್ತೈತ್ರಿ? ಸೆಲ್ಲಿನ ಮ್ಯಾಲೆ ಹಚ್ಚತೀವಿ. ಸೆಲ್ಲ ಸೋತಂಗ ಹಾಡ ಸಾವಕಾಶ ಆಗ್ತೈತಿ. ಮೆಣಸಿನಕಾಯಿ ತೊಟ್ಟ ಬಿಡಸೂ ಮುಂದ ನಮ್ಮ ಓಣ್ಯಾಗ ಎಲ್ಲಾರೂ ಹಿಂಗ ಕೇಳೇವಿ. ನೀವು ಬರದದ್ದನ್ನ ನನ್ನ ಸೊಸಿ ಓದಿ ಹೇಳಿದ್ಲು. ಇವರ ನಮ್ಮ ಹಾಡ ಕೇಳ್ಯಾರ ಅಂದೆ. ಆಮ್ಯಾಲೆ ನೋಡಿದ್ರ ತಪ್ಪಾತು ಅಂತ ಬರದೀರಿ. ಹಂಗಾರ ನಾವ್ ಕೇಳಿದ್ದು ತಪ್ಪೇನ್ರಿ?"

ಅಂದಾನಪ್ಪನವರು ಕೇಳುವ ಕಿವಿಯನ್ನು ಮೇಜಿನ ಕಡೆಗೆ ತಿರುಗಿಸಿಕೊಂಡು ನಿಂತಿದ್ದರು. ಹಾಡು ಇನ್ನೂ ಇನ್ನೂ ನಿಧಾನವಾಗುತ್ತ ಹೋಗಿ ಕೊನೆಗೆ ಒಂದು ನಿಟ್ಟುಸಿರಾಗಿ ನಿಂತಿತು. ಶಂಕ್ರವ್ವ ಅದನ್ನು ಮತ್ತೆ ಟಾವೆಲಿನಲ್ಲಿ ಸುತ್ತಿಕೊಂಡು, ನೀರು ಕುಡಿದು, ಬಸ್ಸಿಗೆ ಹೋದರು.

ಅಂದಿನಿಂದ ಯಾರೇ ನನಗೆ ಒಂದು ಹಾಡು ಚೆನ್ನಾಗಿದೆ ಎಂದರೂ, ಅದನ್ನು ಎಲ್ಲಿ ಕೇಳಿದಿರಿ, ಯಾವುದರ ಮೇಲೆ ಕೇಳಿದಿರಿ, ಆಗ ಕೈಯಲ್ಲಿ ಏನು ಕೆಲಸವಿತ್ತು ಎಂದು ಕೇಳುವುದು ರೂಢಿಯಾಯಿತು. ಹುಬ್ಬಳ್ಳಿಯ ಹುಡುಗಿಗೆ ನಾನು ಹೇಳಬೇಕೆಂದಿದ್ದ ಮಾತುಗಳಲ್ಲಿ ಇದೂ ಒಂದು.

ಕೆಲಸದ ರೀತಿ ಬದಲಾಗುತ್ತ ಹೋಯಿತು. ಮೊದಲು ಓದುಗರು ತಮ್ಮ ಮೆಚ್ಚಿನ ಹಾಡು ಯಾವುದೆಂದು ಅಂಚೆ ಕಾರ್ಡು ಬರೆಯುತ್ತಿದ್ದರು. ಅಬ್ಬಿಗೇರಿಯಿಂದ ಒಂದು ವರ್ಷ ಒಂದೇ ಹಾಡಿಗೆ ರಾಶಿ ಕಾರ್ಡು ಬಂದವು, ಎಲ್ಲವೂ ಒಂದೇ ಕೈಬರಹದಲ್ಲಿ. ಕರಡು ತಿದ್ದಿದ ಕಣ್ಣಿಗೆ ಅಕ್ಷರದ ಗುರುತು ಹತ್ತದೆ ಇರುತ್ತದೆಯೇ? ಆ ಹಾಡನ್ನು ಬಿಟ್ಟೆ. ಅನಂತರ ಮೊಬೈಲ್ ಸಂದೇಶಗಳು ಬಂದವು, ಅವುಗಳಲ್ಲಿ ಕೈಬರಹವೇ ಇರಲಿಲ್ಲ. ಕ್ಯಾಸೆಟ್ಟು ಹೋಗಿ ಸಿ.ಡಿ. ಬಂತು. ಸಿ.ಡಿ. ಬಂದು ನೆಲೆ ನಿಲ್ಲುವ ಮೊದಲೇ ಎಲ್ಲರ ಮೊಬೈಲಿನಲ್ಲಿ ಉಗುರಿನಷ್ಟು ಮೆಮೊರಿ ಕಾರ್ಡು ಬಂತು. ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರಗಳ ದೊಡ್ಡ ರೆಕ್ಕೆಗಳು ತಿರುಗತೊಡಗಿದ ಕಾಲವದು. ರಫೀಕ್ ಭಾಯಿ ಕ್ಯಾಸೆಟ್ಟುಗಳನ್ನು ಮಾಳಿಗೆಗೆ ಏರಿಸಿ, ಒಂದು ಕಂಪ್ಯೂಟರ್ ತಂದು, ಕಾರ್ಡುಗಳಿಗೆ ಹಾಡು ತುಂಬಿಸಿಕೊಡಲು ಕುಳಿತರು.

"ಈಗ ಹಾಡಿಗೆ ಮುಖ ಇಲ್ಲ ಅಕ್ಕಾ," ಎಂದರು ಒಂದು ದಿನ. "ಕವರ್ ಇಲ್ಲ, ಫೋಟೋ ಇಲ್ಲ, ಯಾರ ಹಾಡ್ಯಾರ ಅಂತ ಹೆಸರೂ ಇಲ್ಲ. ಬರೇ ನಂಬರ್. ಹೆಸರಿಲ್ದ ಕೂಸ ಎತಗೊಂಡ ಹೊಂಟಂಗ ಹೊಂಟಾರ ಮಂದಿ."

ಹಾಗೆ ಹೆಸರಿಲ್ಲದೆ ಬಂದ ಒಂದು ಹಾಡಿನಿಂದಲೇ ನನ್ನ ಕೆಲಸದ ಅತ್ಯಂತ ಕಠಿಣ ಡಿಸೆಂಬರ್ ಶುರುವಾಯಿತು.

ಆ ವರ್ಷ ಅವರ ಕಂಪ್ಯೂಟರಿನಿಂದ ಜನ ಕೇಳಿ ಕೇಳಿ ತುಂಬಿಸಿಕೊಂಡು ಹೋಗುತ್ತಿದ್ದ ಹಾಡುಗಳಲ್ಲಿ ಒಂದು ಕನ್ನಡದ್ದಿತ್ತು. ಕೀಬೋರ್ಡಿನ ಸಾದಾ ತಾಳ. ಅದರ ಮೇಲೆ ಗಂಡಸಿನ ಒಂದು ಗಟ್ಟಿ ದನಿ, ಹಾಡುವುದಿಲ್ಲ, ಹೇಳುತ್ತದೆ:

ಕೇಳ್ರಿ ಕೇಳ್ರಿ ನರಗುಂದದ ಮಂದಿ,
ಇವತ್ತ ಮಾರಾಕ ಏನೂ ತಂದಿಲ್ಲ.
ನಿನ್ನೆ ಸೀರಿ, ಮೊನ್ನಿ ಬೀಜ, ಆಚಿಮೊನ್ನಿ ಸರ್ಕಸ್ಸು,
ಇವತ್ತ ಬರೇ ನನ್ನ ದನಿ, ಕೊಳ್ಳಾಕ ಬರಂಗಿಲ್ಲ.

ದೂರದ ಊರುಗಳ ಹಿಪ್‌ಹಾಪ್ ಕೇಳುವಾಗ ರಫೀಕ್ ಭಾಯಿ ಎಷ್ಟೋ ಸಲ, "ಇವ ತನ್ನ ಓಣಿ ಬಗ್ಗೆ ಹೇಳಾಕತ್ತಾನ" ಎಂದು ಅರ್ಥ ಬಿಡಿಸಿದ್ದರು. ಈಗ ನಮ್ಮ ಓಣಿಯೇ ಮಾತಾಡುತ್ತಿತ್ತು.

"ಯಾರಿವರು?"

"ದನಿ ಗುರ್ತ ಹತ್ತಲಿಲ್ಲೇನ್ರಿ ಅಕ್ಕಾ? ನರಗುಂದದ ಮೌಲಾಸಾಬ. ಆಟೋಕ್ಕ ಎರಡ ಕರ್ಣಿ ಕಟಗೊಂಡು ಸೀರಿ ಸೇಲ್ ಅಂತ ಊರೂರ ಒದರ್ಕೋತ ಹೋಗ್ತಾನಲ್ಲ, ಅವನ."

ಕರ್ಣಿ ಎಂದರೆ ಧ್ವನಿವರ್ಧಕದ ಹೂವಿನಂಥ ಬಾಯಿ. ಆ ದನಿಯನ್ನು ನಾನು ಎಷ್ಟೋ ವರ್ಷದಿಂದ ಕೇಳಿದ್ದೆ, ಒಮ್ಮೆಯೂ ಕಿವಿಗೊಟ್ಟಿರಲಿಲ್ಲ.

ಅವತ್ತೇ ಪಟ್ಟಿಯಲ್ಲಿ ಅದನ್ನು ಮೊದಲನೆಯದಾಗಿ ಬರೆದುಬಿಟ್ಟೆ. ಎರಡು ದಿನ ಬಿಟ್ಟು ಸುದ್ದಿ ಹೇಳಲು ನರಗುಂದಕ್ಕೆ ಹೋದೆ. ಗುಡ್ಡದ ಕೆಳಗೆ ಬೇವಿನ ಮರದ ನೆರಳಿನಲ್ಲಿ ಆಟೋ ನಿಂತಿತ್ತು. ಮೌಲಾಸಾಬ ನಲವತ್ತೈದರ ತೆಳ್ಳನೆಯ ಮನುಷ್ಯ, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡಿದ್ದ. ಪಕ್ಕದಲ್ಲಿ ಅವನ ಹೆಂಡತಿ ಶಮೀಮ್ ಅವರೆಕಾಯಿ ಸುಲಿಯುತ್ತಿದ್ದಳು. ನಾನು ನನ್ನ ಪರಿಚಯ ಹೇಳಿದೆ. ಅವನು ಬಾಯಿ ತೆರೆದ. ಒಣಗಿದ ಎಲೆ ನೆಲದ ಮೇಲೆ ಸರಿದಂಥ ಸದ್ದು ಬಂತು, ಮಾತು ಬರಲಿಲ್ಲ.

"ಅವರ ದನಿ ಹೋಗೇತ್ರಿ," ಎಂದಳು ಶಮೀಮ್. "ಹುಬ್ಬಳ್ಳಿ ದವಾಖಾನಿಗೆ ಹೋಗಿದ್ವಿ. ಇಪ್ಪತ್ತ ವರ್ಷ ಒದರಿ ಒದರಿ ಗಂಟಲೊಳಗ ಏನೋ ಹರದಾವಂತ. ಇನ್ನ ಒದರೂದು ಬಂದ್ ಅಂದ್ರು ಡಾಕ್ಟರ್. ಅದು ಗೊತ್ತಾದ ಮ್ಯಾಲೆ, ಇದ್ದ ದನೀನ ಒಂದ ಸಲ ಹಿಡದಿಡ್ತೀನಿ ಅಂತ ಬ್ಯಾಂಡ್ ಬಾರಸೂ ಗೆಳೆಯಾನ ಮನ್ಯಾಗ ಕುಂತು ಆ ಹಾಡ ಮಾಡಿದ್ರು."

"ನಿಮ್ಮ ಹಾಡಿಗೆ ಮೊದಲನೇ ನಂಬರ್ ಕೊಟ್ಟೇನಿ" ಎಂದೆ.

ಮೌಲಾಸಾಬ ಎದ್ದು ಹೋಗಿ ಆಟೋದೊಳಗಿನ ಯಂತ್ರಕ್ಕೆ ಕಾರ್ಡು ಹಾಕಿ, ದನಿ ಸಣ್ಣಗೆ ಮಾಡಿ, ಹಾಡು ಹಚ್ಚಿದ. ಮೊದಲ ನುಡಿ ಮುಗಿಯಿತು, ಎರಡನೆಯದು ಮುಗಿಯಿತು. ಮೂರನೆಯ ನುಡಿಯಲ್ಲಿ ಬೆರಳೆತ್ತಿ ನಿಲ್ಲಿಸಿದ. ಶಮೀಮಳ ಕಿವಿಯ ಹತ್ತಿರ ಬಾಗಿ ಏನೋ ಪಿಸುಗುಟ್ಟಿದ.

"ಇಲ್ಲಿ ನಿಮಗೇನ ಕೇಳಸ್ತು ಅಂತ ಕೇಳಾಕತ್ತಾರ್ರಿ."

ಮೂರನೆಯ ನುಡಿ ಸೋತಿತ್ತು. ಮಾತು ತಾಳಕ್ಕಿಂತ ಹಿಂದೆ ಬೀಳುತ್ತಿತ್ತು, ಮೊದಲೇ ಹೇಳಿದ್ದನ್ನು ಮತ್ತೆ ಹೇಳುತ್ತಿತ್ತು. ಅದು ಅಂಗಡಿಯಲ್ಲಿ ಕೇಳಿದಾಗಲೇ ನನಗೆ ಗೊತ್ತಾಗಿತ್ತು, ನಮ್ಮ ಓಣಿಯ ದನಿ ಎಂಬ ಖುಷಿಯಲ್ಲಿ ಬದಿಗಿಟ್ಟಿದ್ದೆ. ಆದರೂ "ಚಲೋನ ಐತ್ರಿ" ಎಂದೆ.

ಅವನು ಮತ್ತೆ ಪಿಸುಗುಟ್ಟಿದ. ಶಮೀಮ್ ಹೇಳಲೋ ಬೇಡವೋ ಎಂದು ಅನುಮಾನಿಸಿ ಹೇಳಿದಳು: "ಇಪ್ಪತ್ತ ವರ್ಷ ರಸ್ತಾದಾಗ ಒದರೇನಿ. ಮಂದಿ ಖರೇನ ಕೇಳಾಕತ್ತಾರೋ ಇಲ್ಲೋ ಅನ್ನೂದು ನನ್ನ ಬೆನ್ನಿಗೆ ಗೊತ್ತಾಗ್ತೈತಿ ಅಂತಾರ. ಅಕ್ಕಾರ, ಅಲ್ಲಿ ನೀವು ಕೇಳೂದು ಬಿಟ್ಟೀರಿ ಅಂತಾರ."

ನಾನು ತಲೆ ತಗ್ಗಿಸಿದೆ. "ಹೌದ್ರಿ. ಅಲ್ಲಿ ಬಿಟ್ಟೆ."

"ಮತ್ತ ಖರೇ ಎಷ್ಟನೇದು ಅಂತ ಕೇಳ್ತಾರ."

ಬೇವಿನ ಎಲೆಗಳು ಆಟೋದ ಮೇಲೆ ಒಂದೊಂದಾಗಿ ಉದುರುತ್ತಿದ್ದವು. ಅವುಗಳನ್ನೇ ನೋಡುತ್ತ ಹೇಳಿದೆ, "ನಾಕನೇದು."

ಅವನು ಎರಡೂ ಕೈ ಎತ್ತಿ, ಸಾಕು, ಅಷ್ಟೇ ಬರೆಯಿರಿ ಎಂಬಂತೆ ತಲೆಯಾಡಿಸಿದ. ಮುಖದಲ್ಲಿ ನೋವಿತ್ತು, ಇರಲಿಲ್ಲ ಎಂದು ಹೇಳಲಾರೆ. ಆದರೆ ಅವನು ನನಗೆ ಚಹಾ ಕುಡಿಸದೆ ಕಳಿಸಲಿಲ್ಲ.

ಮರಳುವ ಬಸ್ಸಿನಲ್ಲಿ ನಾನು ನನ್ನೊಂದಿಗೇ ಜಗಳವಾಡಿದೆ. ಒಂದು ಪುಟ್ಟ ಪತ್ರಿಕೆಯ ಪಟ್ಟಿ. ಅದರಲ್ಲಿ ದನಿ ಕಳೆದುಕೊಂಡ ಒಬ್ಬನಿಗೆ ಮೊದಲ ಸ್ಥಾನ ಕೊಟ್ಟರೆ ಯಾರ ಗಂಟೇನು ಹೋಗುತ್ತಿತ್ತು? ಕಿಟಕಿಯ ಹೊರಗೆ ಹತ್ತಿ ಒಡೆದ ಹೊಲಗಳು ಬೆಳ್ಳಗೆ ಹಿಂದೆ ಸರಿಯುತ್ತಿದ್ದವು. ಅವನ ಮೊದಲೆರಡು ನುಡಿಗಳು ತಲೆಯೊಳಗೆ ತಿರುಗುತ್ತಿದ್ದವು. ಮೂರನೆಯದು ನೆನಪಿಗೇ ಬರಲಿಲ್ಲ. ನಾಲ್ಕನೆಯ ಸ್ಥಾನದಲ್ಲಿಟ್ಟೆ. ಮೊದಲೆರಡು ನುಡಿ ಏಕೆ ಯಾವ ದೊಡ್ಡ ಊರಿನ ಹಾಡಿಗೂ ಕಡಿಮೆಯಿಲ್ಲ, ಮೂರನೆಯದು ಏಕೆ ಸೋತಿತು ಎಂದು ಬಿಡಿಸಿ ಬರೆದೆ. ಅವನ ಗಂಟಲಿನ ವಿಷಯ ಬರೆಯಲಿಲ್ಲ. ಬರೆಯಬೇಡಿ ಎಂದು ಶಮೀಮ್ ರಸ್ತೆಯವರೆಗೆ ಬಂದು ಹೇಳಿದ್ದಳು.

ಸಂಚಿಕೆ ಬಂದ ಮೇಲೆ ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ. ಅಷ್ಟರಲ್ಲಿ ಅವನ ದನಿ ಹೋದ ಸುದ್ದಿ ಹೇಗೋ ಹಬ್ಬಿತ್ತು, ನಮ್ಮವನನ್ನು ನಾಲ್ಕನೆಯವನು ಮಾಡಿದಳು ಎಂದು ರೋಣ, ಗಜೇಂದ್ರಗಡ, ನರಗುಂದ ಮೂರೂ ಊರಿನಿಂದ ಬೈಗುಳ ಬಂದವು. ಬೆಳವಣಕಿಯ ಒಬ್ಬರು ಪತ್ರಿಕೆಯನ್ನು ಚೂರುಚೂರು ಮಾಡಿ ಲಕೋಟೆಯಲ್ಲಿ ಹಾಕಿ ಕಳಿಸಿದರು. ರಫೀಕ್ ಭಾಯಿ ಅಂಗಡಿಯಲ್ಲಿ ಸ್ಟೂಲು ಬಿಟ್ಟುಕೊಡಲಿಲ್ಲ.

"ನಿಮ್ಮ ಕೈಯಾಗ ಇತ್ತಲ್ಲ ಅಕ್ಕಾ," ಎಂದರು, ಕಂಪ್ಯೂಟರಿನಿಂದ ಕಣ್ಣೆತ್ತದೆ. "ಒಂದ ಅಂತ ಬರಿಯೂದಕ್ಕೂ ನಾಕ ಅಂತ ಬರಿಯೂದಕ್ಕೂ ಮಸಿ ಅಷ್ಟ ಹತ್ತತಿತ್ತು."

ಅಂದಾನಪ್ಪನವರು ಮಾತ್ರ ಒಂದೇ ಪ್ರಶ್ನೆ ಕೇಳಿದರು. "ನಾಕನೇದು ಅಂದದ್ದು ನಿನ್ನ ಖರೆ ಮಾತೇನು?"

"ಹೌದ್ರಿ ಸರ್."

"ಹಂಗಾದ್ರ ನಿದ್ದಿಗೆಡಬ್ಯಾಡ."

ನಿದ್ದೆಗೆಟ್ಟೆ, ಅದು ಬೇರೆ ಮಾತು.

ಒಂದು ವಾರದ ಮೇಲೆ ನರಗುಂದದಿಂದ ಒಂದು ಅಂಚೆ ಕಾರ್ಡು ಬಂತು. ಮೌಲಾಸಾಬ ಬರೆದದ್ದು: 'ಮೂರನೇ ನುಡಿ ಮಾಡುವ ದಿನ ಗಂಟಲು ಭಾಳ ನೋಯುತ್ತಿತ್ತು. ಎರಡು ಸಾಲು ನುಂಗಿದೆ, ಹಳೇ ಸಾಲನ್ನೇ ಮತ್ತೆ ಹೇಳಿದೆ. ಯಾರಿಗೂ ಗೊತ್ತಾಗುವುದಿಲ್ಲ ಅಂದುಕೊಂಡಿದ್ದೆ. ಎಲ್ಲರೂ ಬರೀ ನನ್ನ ಗಂಟಲು ನೋಡಿದರು, ನೀವು ಹಾಡು ನೋಡಿದಿರಿ.' ಆ ಕಾರ್ಡನ್ನು ನಾನು ಯಾರಿಗೂ ತೋರಿಸಲಿಲ್ಲ. ರಫೀಕ್ ಭಾಯಿಗೂ ಇಲ್ಲ. ಅದು ನನ್ನ ಹಠವಿರಬಹುದು.

ಮರುವರ್ಷ ದೀಪಾವಳಿಯ ಆಸುಪಾಸಿಗೆ ನರಗುಂದದ ಆಟೋ ಮತ್ತೆ ಊರೂರಿಗೆ ಬರತೊಡಗಿತು. ಓಡಿಸುವವನು ಮೌಲಾಸಾಬ, ಕರ್ಣಿಯಿಂದ ಬರುತ್ತಿದ್ದುದು ಶಮೀಮಳ ದನಿ. ಮೊದಮೊದಲು ಅವಳು ಸೀರೆಯ ಸೆರಗನ್ನು ಮುಖದವರೆಗೆ ಎಳೆದುಕೊಂಡು ಮೈಕು ಹಿಡಿಯುತ್ತಿದ್ದಳಂತೆ. ಜನ ಅದಕ್ಕೂ ಒಂದಷ್ಟು ಆಡಿಕೊಂಡರು, ಆಮೇಲೆ ರೂಢಿಯಾಯಿತು. ಡಿಸೆಂಬರಿನ ಹೊತ್ತಿಗೆ ರಫೀಕ್ ಭಾಯಿ ನನ್ನ ಮುಂದೆ ಸ್ಟೂಲು ಸರಿಸಿ, ಒಂದು ಹಾಡು ಹಚ್ಚಿದರು. ಈ ಸಲ ಹಾಡಿಗೆ ಹೆಸರಿತ್ತು, ಹೇಳಿದವಳ ಹೆಸರೂ ಇತ್ತು: ಶಮೀಮ್. ಅವಳು ಒದರುವುದಿಲ್ಲ. ಒಲೆಯ ಮುಂದೆ ಕುಳಿತು ಗಂಡನಿಗೆ ಹೇಳುವ ಹಾಗೆ ಹೇಳುತ್ತಾಳೆ:

ಊರಿಗೆಲ್ಲಾ ಹೇಳ್ಕೋತ ಹೋದಿ, ಮನಿಗೆ ಬಂದು ಮಕ್ಕೊಂಡಿ.
ಈಗ ನಿನ್ನ ಮಾತು ನನ್ನ ಬಾಯಾಗ ಬಂದು ಕುಂತಾವ.
ಯಾವ ನಿಂದು, ಯಾವ ನಂದು, ಆರಿಸಿ ಕೊಡು ಬಾ.

ಹಾಡು ಎಲ್ಲಿಯೂ ಸೋಲಲಿಲ್ಲ. ನಾನು ಪೆನ್ನು ತೆಗೆಯುವುದನ್ನೇ ಮರೆತಿದ್ದೆ.

ಆದರೂ ಆ ವರ್ಷ ಅದಕ್ಕಿಂತ ಮೇಲೆ ಇನ್ನೊಂದು ಹಾಡಿತ್ತು. ಮುಂಬಯಿ ಕಡೆಯ ಯಾರೋ ಒಬ್ಬ ಗಾಯಕನದು. ತನ್ನ ತಾಯಿ ಮುಂಜಾನೆ ನೀರಿಗೆ ಹೋಗುತ್ತಿದ್ದುದನ್ನು ಅವನು ಹಿಂದಿಯಲ್ಲಿ ಮಾತಿನಂತೆ ಹೇಳುತ್ತ ಹೋಗುತ್ತಾನೆ. ನಡುವೆ ತಾಳ ನಿಂತುಬಿಡುತ್ತದೆ. ನಳದಿಂದ ಕೊಡಕ್ಕೆ ನೀರು ಬೀಳುವ ಸದ್ದಷ್ಟೇ ಉಳಿಯುತ್ತದೆ. ಕೊಡ ತುಂಬುತ್ತ ಬಂದಂತೆ ಸದ್ದು ಸಣ್ಣದಾಗುತ್ತ, ಮೇಲೇರುತ್ತ ಹೋಗುತ್ತದೆ. ತುಂಬಿದ ಮೇಲೆ ತಾಳ ಮತ್ತೆ ಶುರು. ನಾನು ಎಷ್ಟು ತೂಗಿ ನೋಡಿದರೂ ಅದು ಮೊದಲನೆಯದು, ಶಮೀಮಳದು ಎರಡನೆಯದು.

ಈ ಸಲ ಅಚ್ಚಿಗೆ ಹೋಗುವ ಮುಂಚೆ ನಾನೇ ಹೋಗಿ ಹೇಳಬೇಕು ಎನಿಸಿತು. ನರಗುಂದದ ಹೊರಗೆ ರಸ್ತೆಯ ಮೇಲೆ ಅವರ ಆಟೋ ಸಿಕ್ಕಿತು, ಚಿಕ್ಕನರಗುಂದದ ಕಡೆ ಹೊರಟಿದ್ದರು. ಕೈ ಮಾಡಿ ನಿಲ್ಲಿಸಿದೆ. ಮಧ್ಯಾಹ್ನ ಇಳಿಯುತ್ತಿತ್ತು. ರಸ್ತೆಯ ಎರಡೂ ಕಡೆ ಹತ್ತಿಯ ಹೊಲಗಳು, ಅಲ್ಲಲ್ಲಿ ಬಾಗಿ ಹತ್ತಿ ಬಿಡಿಸುತ್ತಿದ್ದ ಹೆಂಗಸರು.

"ಎರಡನೇದ್ರಿ" ಎಂದೆ.

ಮೌಲಾಸಾಬ ಸದ್ದಿಲ್ಲದೆ ನಕ್ಕ. ಶಮೀಮ್ ನಗಲಿಲ್ಲ. ಮೈಕನ್ನು ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ, "ಮೊದಲನೇದು ಯಾವುದು? ಅದನ್ನ ನಾ ಕೇಳಬೇಕು" ಎಂದಳು.

ನನ್ನ ಮೊಬೈಲಿನ ಕಾರ್ಡು ತೆಗೆದು ಕೊಟ್ಟೆ. ಮೌಲಾಸಾಬ ಅದನ್ನು ಯಂತ್ರಕ್ಕೆ ಹಾಕಿದ. ಎರಡೂ ಕರ್ಣಿಗಳಿಂದ ಹಾಡು ಹೊಲದ ಮೇಲೆ ಹೊರಟಿತು. ಅಷ್ಟು ದೊಡ್ಡ ಬಯಲಿನಲ್ಲಿ ನಾನು ಅದನ್ನು ಕೇಳಿರಲಿಲ್ಲ. ಆ ಗಾಯಕನ ತಾಯಿ ಆ ಬಿಳಿ ಹೊಲಗಳ ನಡುವೆಯೇ ಎಲ್ಲೋ ಕೊಡ ಹೊತ್ತು ನಡೆಯುತ್ತಿದ್ದಾಳೆ ಅನಿಸಿತು. ತಾಳ ನಿಂತಿತು. ನೀರು ಬೀಳತೊಡಗಿತು. ಬಾಗಿದ್ದ ಹೆಂಗಸರು ಒಬ್ಬೊಬ್ಬರಾಗಿ ಸೊಂಟ ನೆಟ್ಟಗೆ ಮಾಡಿ ನಿಂತು ಈ ಕಡೆ ನೋಡಿದರು.

ಹಾಡು ಮುಗಿಯುವವರೆಗೆ ಶಮೀಮ್ ಕಣ್ಣು ಮುಚ್ಚಿಕೊಂಡಿದ್ದಳು. "ಹೌದ್ರಿ ಅಕ್ಕಾರ," ಎಂದಳು ಕೊನೆಗೆ. "ಇದು ನಂದಕ್ಕಿಂತ ಚಲೋ ಐತಿ."

ಮೌಲಾಸಾಬ ಅವಳ ಕಿವಿಯಲ್ಲಿ ಏನೋ ಹೇಳಿದ. "ಇನ್ನೊಮ್ಮೆ ಹಚ್ಚತೀನಿ ಅಂತಾರ," ಎಂದಳು.

ಹಚ್ಚಿದ. ಮತ್ತೆ ತಾಳ ನಿಂತು ನೀರು ಬೀಳುವ ಹೊತ್ತಿಗೆ, ಹೊಲದಿಂದ ಒಬ್ಬ ಹೆಂಗಸು ಉಡಿಯ ತುಂಬ ಹತ್ತಿ ಕಟ್ಟಿಕೊಂಡು ರಸ್ತೆಯ ಅಂಚಿಗೆ ಬಂದು ನಿಂತಳು.

"ನೀರ ಎಲ್ಲಿ ಬಂದಾವ್ರಿ?"

"ನೀರಲ್ಲವಾ, ಹಾಡು," ಎಂದಳು ಶಮೀಮ್.

ಆಕೆ ತಲೆ ಓರೆ ಮಾಡಿ ಒಂದು ಗಳಿಗೆ ಕೇಳಿದಳು. ಸದ್ದು ಇನ್ನೂ ಮೇಲೇರುತ್ತಿತ್ತು.

"ಹಂಗಾರ ಕೊಡ ತುಂಬೂತನಕ ಬಂದ್ ಮಾಡಬ್ಯಾಡ್ರಿ," ಎಂದು ಹೇಳಿ, ಅಲ್ಲೇ ಬದುವಿನ ಮೇಲೆ ಕುಳಿತಳು.